ಸಹಾಯ ಬೇಕು: ದಿನಾ ಬ್ಯಾಗಲ್ಲಿಟ್ಕೊಂಡು ಓಡಾಡೋಕೆ ಯಾವ ಮಿರರ್‌ಲೆಸ್ ಕ್ಯಾಮೆರಾ?

ಎಲ್ರಿಗೂ ನಮಸ್ಕಾರ. ನನ್ನತ್ರ ಇರೋ ಹಳೇ ಡಿಎಸ್‌ಎಲ್‌ಆರ್ ಲೆನ್ಸ್ ಸೇರಿ ಒಂದ್ ಕೆಜಿ ಮೇಲಿದೆ, ಲ್ಯಾಪ್‌ಟಾಪು ಟಿಫಿನ್ ಡಬ್ಬಿ ಜೊತೆ ಅದನ್ನೂ ಹೊತ್ಕೊಂಡು ಮೆಟ್ರೋ ಹತ್ತೋಕಾಗಲ್ಲ, ಹಾಗಾಗಿ ಬೀರುನಲ್ಲೇ ಧೂಳು ತಿಂತಿದೆ.

ಹುಡುಕಿ ಹುಡುಕಿ ಎರಡಕ್ಕೆ ಬಂದು ನಿಂತಿದೀನಿ. ಫ್ಯೂಜಿ ಎಕ್ಸ್-ಎಂ5, ಇಲ್ಲಾಂದ್ರೆ ಎಕ್ಸ್-ಟಿ30 ಟು. ಒಂದು 355 ಗ್ರಾಂ, ಇನ್ನೊಂದು 378, ಯಾವ್ದು ತಗೊಂಡ್ರೂ ಹಾಕೋದು 84 ಗ್ರಾಂನ 27 ಎಂಎಂ ಎಫ್2.8 ಪ್ಯಾನ್‌ಕೇಕ್ (ತೆಳ್ಳಗಿನ ಚಪ್ಪಟೆ) ಲೆನ್ಸೇ, ಸೋ ತೂಕದ ತಲೆನೋವಿಲ್ಲ. ಎಂ5 ಚಪ್ಪಟೆಯಾಗಿ ಜಾಕೆಟ್ ಜೇಬಿಗೇ ಹೋಗುತ್ತೆ ಆದ್ರೆ ವ್ಯೂಫೈಂಡರ್ (ಕಣ್ಣಿಟ್ಟು ನೋಡೋ ಕಿಂಡಿ) ಇಲ್ಲ, ಸ್ಕ್ರೀನ್ ನೋಡ್ಕೊಂಡೇ ತೆಗೀಬೇಕು, ನಾನು ಸಿಕ್ಕಾಕೊಂಡಿರೋದು ಇಲ್ಲೇ. ಅಂಗಡಿ ಎಸಿಯೊಳಗೆ ಸ್ಕ್ರೀನ್ ಫಳಫಳ ಅಂತಿತ್ತು, ಬಿಸಿಲಲ್ಲಿ ಒಂದ್ಸಲ ನೋಡ್ತೀನಿ ಅಂದ್ರೆ ಆಚೆ ತಗೊಂಡೋಗೋಕೆ ಬಿಡ್ಲಿಲ್ಲ. ಕೊನೆಗೆ ಭಾನುವಾರ ಮಧ್ಯಾಹ್ನ ಕೆ.ಆರ್. ಮಾರ್ಕೆಟ್ಟಲ್ಲಿ ಫೋನಲ್ಲೇ ಟ್ರೈ ಮಾಡ್ದೆ, ಚೆಂಡುಹೂವಿನ ರಾಶಿ ಬದ್ಲು ಸ್ಕ್ರೀನಲ್ಲಿ ನನ್ ಬೆವರಿಳಿಯೋ ಮುಖನೇ ಕಾಣ್ತಿತ್ತು😅

ಎರಡ್ರಲ್ಲೂ ಬಾಡಿ ಸ್ಟೆಬಿಲೈಸೇಷನ್ (ಕೈ ಅಲುಗಾಟನ ಕ್ಯಾಮೆರಾನೇ ಸರಿದೂಗಿಸೋದು) ಇಲ್ಲ ಅಂತ ಗೊತ್ತು, ವಿಡಿಯೋ ನಂಗೆ ಬೇಡ.

ವ್ಯೂಫೈಂಡರ್ ಇಲ್ಲದ ಕ್ಯಾಮೆರಾನ ದಿನಾ ಬಳಸೋರು ಹೇಳಿ, ಮಟಮಟ ಮಧ್ಯಾಹ್ನ ಸ್ಕ್ರೀನ್ ಬ್ರೈಟ್‌ನೆಸ್ ಏರಿಸ್ಕೊಂಡ್ರೆ ಫ್ರೇಮ್ ಮಾಡೋಷ್ಟು ಕಾಣುತ್ತಾ, ಅಥ್ವಾ ಜೇಬಿನ ಆಸೆ ಬಿಟ್ಟು ಟಿ30 ಟುನೇ ತಗೊಳ್ಲಾ?