ಸಹಾಯ ಬೇಕು: ಬೆಳೆಯುತ್ತಿರುವ ಕಂಪನಿ ಮಾರಬೇಕಾ, ಬೇಡವಾ?

ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಕಟ್ಟಿದ ಸಾಫ್ಟ್‌ವೇರ್ ಕಂಪನಿ ನನ್ನದು. ವ್ಯಾಪಾರ ಏರುತ್ತಿದೆ. ಈಗಲೇ ದೊಡ್ಡ ಕಂಪನಿಯೊಂದು ಕೊಳ್ಳಲು ಬಂದಿದೆ.

ಅವರ ಟರ್ಮ್ ಶೀಟ್, ಅಂದರೆ ಮಾರಾಟದ ಮುಖ್ಯ ಷರತ್ತುಗಳ ಕರಡು, ಮೇಜಿನ ಮೇಲಿದೆ. ಎರಡನೇ ಪುಟದ ಮೂಲೆ ತಿರುವಿ ತಿರುವಿ ಸವೆದಿದೆ. ಅರ್ನ್‌ಔಟ್ ಷರತ್ತು ಇರುವುದು ಅಲ್ಲೇ. ಅರ್ಧ ಹಣ ಈಗ, ಉಳಿದದ್ದು ಎರಡು ವರ್ಷ ಟಾರ್ಗೆಟ್ ಮುಟ್ಟಿದರೆ ಮಾತ್ರ. ಆದರೆ ಆಗ ಬೆಲೆ, ನೇಮಕಾತಿ ಯಾವುದೂ ನನ್ನ ಕೈಯಲ್ಲಿ ಇರುವುದಿಲ್ಲ, ಅಲ್ವಾ? ಜೊತೆಗೆ ಹೂಡಿಕೆದಾರರಿಗೆ ಲಿಕ್ವಿಡೇಶನ್ ಪ್ರಿಫರೆನ್ಸ್ ಇದೆ, ಅಂದರೆ ಮಾರಿದ ಹಣದಲ್ಲಿ ಅವರ ಪಾಲು ಮೊದಲು ಅವರಿಗೆ ಹೋಗುತ್ತದೆ.

ಹಣಕ್ಕಿಂತ ಜಾಸ್ತಿ ಕಾಡುವುದು ನನ್ನ ತಂಡ. ಹಲವರ ಷೇರು ಆಪ್ಷನ್ (ಗೊತ್ತಾದ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕು) ಇನ್ನೂ ವೆಸ್ಟ್ ಆಗಿಲ್ಲ, ಅಂದರೆ ಆ ಹಕ್ಕು ಇನ್ನೂ ಅವರ ಕೈಗೆ ಬಂದಿಲ್ಲ. ಅವರನ್ನು ನೆನೆದರೆ ನಿದ್ದೆ ಹತ್ತುವುದಿಲ್ಲ.

ಅರ್ನ್‌ಔಟ್ ಒಪ್ಪಿ ಮಾರಿದವರು ಇದ್ದರೆ ಹೇಳಿ. ಉಳಿದ ಹಣ ಕೈಗೆ ಬಂತಾ? ಏನನ್ನು ಮೊದಲೇ ಬರೆಸಿಕೊಳ್ಳಬೇಕಿತ್ತು ಅನ್ನಿಸಿತು? ಶುಕ್ರವಾರದೊಳಗೆ ಉತ್ತರ ಕೊಡಬೇಕು.