ರಾತ್ರಿ ತಾನಾಗೇ ಬಿದ್ದು ಏಳುವ ಎಎಸ್/400

ನಮ್ಮ ಗೋಡೌನ್ ಬಿಲ್ಲಿಂಗ್ ನಡೆಯುವ ಹಳೇ ಐಬಿಎಂ ಕಂಪ್ಯೂಟರ್ ಎಎಸ್/400 ಈ ವಾರ ಎರಡು ಸಲ ರಾತ್ರಿ ತಾನಾಗೇ ಬಿದ್ದು ಎದ್ದಿದೆ. ಬೆಳಿಗ್ಗೆ ನೋಡಿದರೆ ಸಿಸ್ಟಂ ವ್ಯಾಲ್ಯೂ ಕ್ಯೂಅಬ್‌ನಾರ್ಮ್‌ಎಸ್‌ಡಬ್ಲ್ಯೂ 1 ಅಂತಿದೆ. ಯಾರೂ ಮುಟ್ಟಿಲ್ಲ. ಎಲ್ಲಿಂದ ಶುರು ಮಾಡಲಿ?

– 1 ಅಂದರೆ ಹಿಂದಿನ ಸಲ ಸರಿಯಾಗಿ ಮುಚ್ಚಿಲ್ಲ ಅಂತ ಅಷ್ಟೇ, ಕಾರಣ ಅದು ಹೇಳುವುದಿಲ್ಲ. ಲಾಗ್ ತೋರಿಸುವ ಕಮಾಂಡ್ ಡಿಎಸ್‌ಪಿಲಾಗ್ ಕೊಟ್ಟು, ಬೀಳುವ ಮೊದಲಿನ ಹತ್ತು ನಿಮಿಷ ಓದಿ. ಸುಮ್ನೆ ಬೋರ್ಡ್ ಬದಲಿಸಲು ಹೋಗಬೇಡಿ.

– ಓದಿದೆ ಸರ್. ಕರೆಂಟ್ ಹೋದ ಮೆಸೇಜ್ ಸಿಪಿಎಫ್1816 ಇದೆ, ಎರಡೇ ನಿಮಿಷಕ್ಕೆ ಲಾಗ್ ನಿಂತಿದೆ. ಆದರೆ ಯುಪಿಎಸ್‌ನಲ್ಲಿ ಹಸಿರು ದೀಪವೇ ಇದೆಯಲ್ಲ?

– ಆ ದೀಪ ನಂಬಬೇಡಿ ಮಾರಾಯ್ರೇ! ನಮ್ಮಲ್ಲಿ ಬ್ಯಾಟರಿ ಉಬ್ಬಿ ಟ್ರೇಯಿಂದ ಹೊರಗೇ ಬರಲಿಲ್ಲ, ಆಗಲೂ ಹಸಿರೇ. ಇನ್ನು ತಾನಾಗೇ ಏಳುವುದು, ಕರೆಂಟ್ ಬಂದ ಕೂಡಲೇ ಸಿಸ್ಟಂ ಶುರು ಮಾಡುವ ಸೆಟ್ಟಿಂಗ್ ಕ್ಯೂಪಿಡಬ್ಲ್ಯೂಆರ್‌ಆರ್‌ಎಸ್‌ಟಿಐಪಿಎಲ್ 1 ಇರುವುದರಿಂದ. ಬ್ಯಾಟರಿ ಬದಲಿಸುವ ತನಕ ಅದನ್ನು 0 ಮಾಡಿ, ಇಲ್ಲಾಂದ್ರೆ ಕರೆಂಟ್ ಬಂದು ಹೋಗಿ ಆಟ ಆಡುವಾಗ ಅರ್ಧ ಎದ್ದದ್ದು ಮತ್ತೆ ಬೀಳುತ್ತದೆ.