ಬೀದಿ ಫೋಟೋದಲ್ಲಿ ಜನ ಮಾತ್ರ ಬ್ಲರ್! ಯಾವ ಸೆಟ್ಟಿಂಗ್ ಇಡಬೇಕು?

ಹೊಸಕಣ್ಣು: ತಲೆ ಕೆಟ್ಟುಹೋಗಿದೆ. ಬೀದಿಯಲ್ಲಿ ಏನೇ ತೆಗೆದರೂ ಜನ ಮಂಜುಮಂಜು. ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್ 8 ಇಟ್ಟಿದ್ದೇನೆ, ಸ್ಟೆಬಿಲೈಸೇಷನ್ ಆನ್ ಇದೆ. ಲೆನ್ಸ್ ಹಾಳಾಗಿದೆಯಾ?

ದೂರಮಾಪಕ: ಇದು ಫೋಕಸ್ ಸಮಸ್ಯೆನೇ. ಝೋನ್ ಫೋಕಸ್ ಮಾಡಿ, ಅಂದ್ರೆ ಫೋಕಸನ್ನು ಮೊದಲೇ ಒಂದು ದೂರಕ್ಕೆ ಇಟ್ಟು ಬಿಡಿ. ಫುಲ್ ಫ್ರೇಮಲ್ಲಿ (ದೊಡ್ಡ ಸೆನ್ಸರ್ ಕ್ಯಾಮೆರಾ) 28 ಎಂಎಂ ಲೆನ್ಸ್, ಎಫ್ 8, ಫೋಕಸ್ 3.3 ಮೀಟರಿಗೆ. ಸುಮಾರು 1.7 ಮೀಟರಿಂದ ಆಚೆ ಎಲ್ಲಾ ಶಾರ್ಪ್.

ಹೊಸಕಣ್ಣು: ನನ್ನ ಲೆನ್ಸ್ ಮೇಲೆ ದೂರದ ಗುರುತೇ ಇಲ್ಲ. ಕ್ಯಾಮೆರಾ ಜೊತೆ ಬಂದ 18-55 ಎಂಎಂ ಝೂಮ್.

ದೂರಮಾಪಕ: ಹಾಗಾದ್ರೆ ಎಪಿಎಸ್-ಸಿ, ಅಂದ್ರೆ ಚಿಕ್ಕ ಸೆನ್ಸರ್, ಇನ್ನೂ ಸುಲಭ. 18ರಲ್ಲಿ ಇಟ್ಟು, ಎರಡು ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ತಿರುಗಿಸಿ ಬಿಡಿ.

ಹೊಸಕಣ್ಣು: ಮಾಡಿದೆ. ಬೋರ್ಡಿನ ಅಕ್ಷರ, ಗೋಡೆಯ ಬಿರುಕು ಕೂಡ ಚೆನ್ನಾಗಿ ಬಂದಿದೆ. ನಡೆಯೋರ ಕೈಕಾಲು ಮಾತ್ರ ಒರೆಸಿದ ಹಾಗೆ.

ದೂರಮಾಪಕ: ಅಳತೆ ತಪ್ಪಿರಬೇಕು. ಟೇಪ್ ಹಿಡಿದು ಇನ್ನೊಮ್ಮೆ ನೋಡಿ.

ಕಪ್ಪುಬಿಳುಪು: ಎಫ್ 8 ಯಾಕೆ? ಎಫ್ 2 ಇಡಿ, ಕಿಂಡಿ ದೊಡ್ಡದಾಗಿ ಹಿನ್ನೆಲೆ ಮಸುಕಾಗುತ್ತೆ, ಮುಖ ಎದ್ದು ಬರುತ್ತೆ.

ದೂರಮಾಪಕ: ಬೀದಿಯೇ ಕಾಣದಿದ್ದರೆ ಅದು ಬೀದಿ ಫೋಟೋ ಹೇಗಾಗುತ್ತೆ? ಅವರ ಲೆನ್ಸಲ್ಲಿ ಎಫ್ 2 ಇಲ್ಲವೇ ಇಲ್ಲ.

ಕಪ್ಪುಬಿಳುಪು: ಅದಕ್ಕೇ ಪ್ರೈಮ್ ಲೆನ್ಸ್ (ಝೂಮ್ ಇಲ್ಲದ್ದು) ತಗೊಳ್ಳಿ ಅನ್ನೋದು.

ನಡುದಾರಿ: ಸ್ವಲ್ಪ ತಡೀರಿ. ಗೋಡೆ ಶಾರ್ಪ್, ಜನ ಬ್ಲರ್ ಅಂದ್ರೆ ಅದು ಶಟರ್ ಸ್ಪೀಡ್, ಅಂದ್ರೆ ಶಟರ್ ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದು. ಯಾವ ಮೋಡ್? ಯಾವ ಹೊತ್ತು? ಶಟರ್, ಐಎಸ್ಒ (ಬೆಳಕಿಗೆ ಸಂವೇದನೆ) ಎಷ್ಟಿತ್ತು?

ಹೊಸಕಣ್ಣು: ಅಪರ್ಚರ್ ಪ್ರಯಾರಿಟಿ (ಶಟರ್ ಕ್ಯಾಮೆರಾನೇ ಆರಿಸುತ್ತೆ), ಸಂಜೆ. ಶಟರ್ 1/40 ಸೆಕೆಂಡ್. ಐಎಸ್ಒ ಆಟೋ, ಗರಿಷ್ಠ 400. ಜಾಸ್ತಿ ಆದ್ರೆ ನಾಯ್ಸ್ (ಫೋಟೋದಲ್ಲಿ ಕಾಳುಕಾಳು) ಬರುತ್ತೆ ಅಂತಾರಲ್ವಾ?

ನಡುದಾರಿ: ಅಲ್ಲೇ ಇದೆ ನೋಡಿ. ಐಎಸ್ಒ 400ಕ್ಕೆ ನಿಂತಿತು, ಬೆಳಕು ಸಾಲಲಿಲ್ಲ, ಕ್ಯಾಮೆರಾ ಶಟರ್ ಇಳಿಸಿತು. ನಡೆಯೋರು ಸೆಕೆಂಡಿಗೆ ಸುಮಾರು 1.4 ಮೀಟರ್ ಹೋಗ್ತಾರೆ. 1/40ರಲ್ಲಿ ಮೂರೂವರೆ ಸೆಂಟಿಮೀಟರ್ ಸರಿದಿರ್ತಾರೆ, ಬೀಸೋ ಕೈ ಇನ್ನೂ ಜಾಸ್ತಿ. 1/500ರಲ್ಲಿ 3 ಮಿಲಿಮೀಟರ್ ಕೂಡ ಇಲ್ಲ. ಸ್ಟೆಬಿಲೈಸೇಷನ್ ನಿಮ್ಮ ಕೈ ನಡುಕ ತಡೆಯುತ್ತೆ, ಅವರ ನಡಿಗೆಯನ್ನಲ್ಲ. ಎಂ (ಮ್ಯಾನುಯಲ್) ಮೋಡ್, 1/500, ಎಫ್ 5.6, ಆಟೋ ಐಎಸ್ಒ 6400ರವರೆಗೆ ಬಿಡಿ. ಅದೇ ಬೆಳಕಿಗೆ ಸುಮಾರು 2500 ಆಗುತ್ತೆ. ಆಗಲಿ. ನಾಯ್ಸ್ ಇರೋ ಮುಖ ನೋಡಬಹುದು, ಅಳಿಸಿಹೋದ ಮುಖವನ್ನು ಏನು ಮಾಡ್ತೀರಿ?

ದೂರಮಾಪಕ: 5.6ಕ್ಕೆ ಬಂದ್ರೆ ಫೋಕಸ್ 3 ಮೀಟರಿಗೆ ಇಡಿ. 2ರಲ್ಲೇ ಬಿಟ್ಟರೆ ಆರು ಮೀಟರ್ ದಾಟಿದ್ದು ಮೆತ್ತಗಾಗುತ್ತೆ. ಫೋಕಸ್ ಮುಖ್ಯ ಅಂತ ಸುಮ್ನೆ ಹೇಳಲಿಲ್ಲ.

ಕಪ್ಪುಬಿಳುಪು: 2500ಕ್ಕೆಲ್ಲ ಯಾರು ಹೆದರ್ತಾರೆ? ನಾನು ಟ್ರೈ-ಎಕ್ಸ್ 400 ಫಿಲ್ಮನ್ನು 1600ಕ್ಕೆ ಪುಶ್ ಮಾಡಿ (1600 ಇದ್ದಂತೆ ತೆಗೆದು, ಹೆಚ್ಚು ಹೊತ್ತು ತೊಳೆದು) ಮನೆಯಲ್ಲೇ ಡೆವಲಪ್ ಮಾಡ್ತೀನಿ. ಫಿಲ್ಮಿನ ಆ ಕಾಳು, ಗ್ರೇನಿನ ಅಂದವೇ ಬೇರೆ.





ಹೊಸಕಣ್ಣು: 1/500ರಲ್ಲಿ ಜನ ಸರಿಯಾಗಿ ಬಂದ್ರು! ಆದರೆ ಕತ್ತಲಾದ ಮೇಲೆ 6400 ಮುಟ್ಟಿ ಫೋಟೋ ಕಪ್ಪಾಗ್ತಿದೆ. ಶಟರ್ ಎಲ್ಲಿವರೆಗೆ ಇಳಿಸಬಹುದು?

ನಡುದಾರಿ: 1/125. ಅಡ್ಡ ಹೋಗೋರನ್ನು ಬಿಡಿ, ನಿಮ್ಮ ಕಡೆ ಬರೋರನ್ನು ತೆಗೀರಿ, ಬ್ಲರ್ ಕಡಿಮೆ. ಬೆಳಗುವ ಕಿಟಕಿ ಹತ್ತಿರ ನಿಲ್ಲಿ.

ಕಪ್ಪುಬಿಳುಪು: ಇಲ್ಲಾಂದ್ರೆ ಎಫ್ 2.